ಮನೆಗೆ ಬಂದ ನಡವಳಿ ಪುಸ್ತಕ

2015ರ ಆಗಸ್ಟ್ ತಿಂಗಳ ಒಂದು ಸಂಜೆ ನಮ್ಮ ಮನೆಯ ಗೇಟಿನ ಮುಂದೆ ಹತ್ತು ಹನ್ನೆರಡು ಜನ ಬಂದು ನಿಂತರು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಚುನಾವಣೆಗೆ ಇನ್ನು ಕೆಲವೇ ದಿನ ಉಳಿದಿತ್ತು. ನಾವಿರುವುದು ಬೆಂಗಳೂರಿನ ದಕ್ಷಿಣ ಭಾಗದಲ್ಲಿ. ಬಡಾವಣೆಯ ಹೆಸರು ಹೇಳಿದರೆ ವಾರ್ಡು ಗೊತ್ತಾಗುತ್ತದೆ, ವಾರ್ಡು ಗೊತ್ತಾದರೆ ಮನುಷ್ಯರು ಗೊತ್ತಾಗುತ್ತಾರೆ. ಆದ್ದರಿಂದ ಅದು ಬೇಡ. ಆ ಸಲ ಪಾಲಿಕೆಯ 198 ವಾರ್ಡುಗಳಲ್ಲಿ ಅರ್ಧದಷ್ಟು ಹೆಂಗಸರಿಗೆ ಮೀಸಲಾಗಿದ್ದವು, ನಮ್ಮದೂ ಅವುಗಳಲ್ಲಿ ಒಂದು. ಗುಂಪಿನ ಮುಂದೆ ಬಿಳಿ ಅಂಗಿ ತೊಟ್ಟ ಗೃಹಸ್ಥರೊಬ್ಬರು ಕೈಮುಗಿದು ನಿಂತಿದ್ದರು. ಅವರು ಕೊಟ್ಟ ಕರಪತ್ರದಲ್ಲಿಯೂ ಅವರದೇ ದೊಡ್ಡ ಭಾವಚಿತ್ರ. ಅದರ ಕೆಳಗೆ ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದಾಗಿ ಒಬ್ಬ ಹೆಣ್ಣುಮಗಳ ಮುಖ. ಆ ಹೆಣ್ಣುಮಗಳು ಗುಂಪಿನ ಹಿಂದೆ, ಕೈಯಲ್ಲಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ನಿಂತಿದ್ದರು.

ಜಗಲಿಯಲ್ಲಿ ಕುಳಿತಿದ್ದ ನನ್ನ ಚಿಕ್ಕಮ್ಮ ಕನ್ನಡಕ ಸರಿಮಾಡಿಕೊಂಡು ಕರಪತ್ರ ನೋಡಿದರು. ಆಮೇಲೆ ಕೇಳಿದರು: “ಓಟು ಯಾರಿಗಪ್ಪ ಹಾಕ್ಬೇಕು? ನಿನಗೋ, ಆ ಮಗೂಗೋ?”

ಆತ ನಕ್ಕು, “ಎರಡೂ ಒಂದೇ ಅಜ್ಜಿ” ಎಂದರು.

“ಒಂದೇ ಆಗಿದ್ರೆ ಅವಳು ಮುಂದೆ ನಿಲ್ಲಲಿ, ನೀನು ತಟ್ಟೆ ಹಿಡ್ಕೊ” ಎಂದರು ಚಿಕ್ಕಮ್ಮ. ಎಲ್ಲರೂ ನಕ್ಕರು. ಆ ಹೆಣ್ಣುಮಗಳು ಮಾತ್ರ ನಗಲಿಲ್ಲ. ಚಿಕ್ಕಮ್ಮನನ್ನೇ ಒಂದು ಗಳಿಗೆ ನೋಡಿ ಮುಂದಿನ ಮನೆಗೆ ಹೋದರು.

ಚಿಕ್ಕಮ್ಮ ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. 1987ರ ಜನವರಿಯಲ್ಲಿ ಕರ್ನಾಟಕದಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದಾಗ, ತುಮಕೂರು ಜಿಲ್ಲೆಯ ನಮ್ಮೂರಿನಿಂದ ಹೆಂಗಸರ ಮೀಸಲು ಸ್ಥಾನಕ್ಕೆ ಚಿಕ್ಕಮ್ಮ ಆಯ್ಕೆಯಾಗಿದ್ದರು. ನಾಲ್ಕು ನೂರು ಜನಕ್ಕೆ ಒಬ್ಬ ಸದಸ್ಯರೆಂದು ಲೆಕ್ಕ. ಅದರಲ್ಲಿ ಕಾಲು ಭಾಗ ಹೆಂಗಸರು. ಓದು ಬರಹ ಬಲ್ಲವರು, ಜಗಳಗಂಟಿಯಲ್ಲ ಎಂದು ಊರಿನವರೇ ಚಿಕ್ಕಮ್ಮನ ಹೆಸರು ಹಾಕಿಸಿದ್ದರು. ಗೆದ್ದ ಮೇಲೆ ಮೊದಲ ಮೂರು ನಾಲ್ಕು ಸಭೆಗಳಿಗೆ ಅವರಿಗೆ ಕರೆಯೇ ಬರಲಿಲ್ಲ. ಸಭೆ ಮುಗಿದ ಮೇಲೆ ಜವಾನ ನಡವಳಿ ಪುಸ್ತಕವನ್ನು ಮನೆಗೆ ತಂದು, “ಅಮ್ಮಾ, ಇಲ್ಲೊಂದು ಸೈನು ಹಾಕಿಕೊಡಿ” ಎನ್ನುತ್ತಿದ್ದ. ಹಾಕಿ ಕೊಡುತ್ತಿದ್ದರು. ಒಂದು ದಿನ ಹಾಗೇ ಮೇಲಿನ ಪುಟ ಓದಿದರೆ, ಕೊಳವೆಬಾವಿ ತಮ್ಮ ಕೇರಿಗೆ ಬೇಡವೆಂದು ತಾವೇ ಒಪ್ಪಿಕೊಂಡಂತೆ ಬರೆದಿತ್ತಂತೆ. “ಪುಸ್ತಕ ಇಲ್ಲಿಗೆ ತರಬೇಡಪ್ಪ, ಪುಸ್ತಕ ಇರೋ ಕಡೆಗೆ ನಾನೇ ಬರ್ತೀನಿ” ಎಂದು ಹೇಳಿ ಕಳಿಸಿದರು. ಮುಂದಿನ ಸಭೆಗೆ ಹೋದರೆ ಕುರ್ಚಿ ಇರಲಿಲ್ಲ. ಬಾಗಿಲ ಪಕ್ಕದ ಬೆಂಚಿನ ಮೇಲೆ ಕುಳಿತು ಕೊಳವೆಬಾವಿಯ ಮಾತೆತ್ತಿದರು. ಬಾವಿ ಬಂದದ್ದು ಒಂದೂವರೆ ವರ್ಷದ ಮೇಲೆ.

ನಾನು ಬಹಳ ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಹೇಳಿದವಳು. ಲೋಕಸಭೆಯಲ್ಲಿ ಹೆಂಗಸರ ಮೀಸಲಾತಿ ಇಷ್ಟು ವರ್ಷ ಯಾಕೆ ಬರಲಿಲ್ಲ ಎಂದು ಮಕ್ಕಳು ಕೇಳಿದಾಗಲೆಲ್ಲ ನನಗೆ ಪಠ್ಯಪುಸ್ತಕಕ್ಕಿಂತ ಮೊದಲು ಆ ನಡವಳಿ ಪುಸ್ತಕ ನೆನಪಾಗುತ್ತಿತ್ತು. ದಿಲ್ಲಿಯಲ್ಲಿ ನಡೆದದ್ದೂ ಹೆಚ್ಚು ಕಡಿಮೆ ಅದೇ. ‘ಬೇಡ’ ಎಂದು ಬಾಯಿಬಿಟ್ಟು ಹೇಳಿದವರು ಬಹಳ ಕಡಿಮೆ. ‘ಆಗಲಿ, ಆದರೆ...’ ಎಂದವರೇ ಹೆಚ್ಚು. ಈ ‘ಆದರೆ’ ಎಂಬ ಮೂರಕ್ಷರ ಇಪ್ಪತ್ತೇಳು ವರ್ಷ ನುಂಗಿತು.

ಮೊದಮೊದಲು ಹೆಂಗಸರೇ ಮೀಸಲಾತಿ ಬೇಡವೆಂದರು ಎನ್ನುವುದನ್ನು ಇಲ್ಲಿ ಮರೆಯಬಾರದು. ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ ಮದರಾಸು ಶಾಸನ ಪರಿಷತ್ತಿಗೆ ಸ್ಪರ್ಧಿಸಿ ಅಲ್ಪ ಮತಗಳಿಂದ ಸೋತಾಗ ಅವರಿಗೆ ಯಾವ ಮೀಸಲಾತಿಯ ಆಸರೆಯೂ ಇರಲಿಲ್ಲ. ಸಂವಿಧಾನ ರಚನಾ ಸಭೆಯಲ್ಲಿ ಹಂಸಾ ಮೆಹ್ತಾ, ರೇಣುಕಾ ರೇ ಮೊದಲಾದವರು ಮೀಸಲು ಸ್ಥಾನ ಕೇಳಲಿಲ್ಲ. ಸಮಾನ ಪೌರರೆಂದ ಮೇಲೆ ಯೋಗ್ಯತೆಯಿಂದಲೇ ಬರುತ್ತೇವೆ ಎಂಬ ಆತ್ಮಗೌರವ ಅವರದು. 1974ರಲ್ಲಿ ಹೆಂಗಸರ ಸ್ಥಿತಿಗತಿ ಕುರಿತ ರಾಷ್ಟ್ರೀಯ ಸಮಿತಿ ವರದಿ ಕೊಟ್ಟಾಗಲೂ ಬಹುಮತದ ಅಭಿಪ್ರಾಯ ಶಾಸನಸಭೆಗಳಲ್ಲಿ ಮೀಸಲಾತಿ ಬೇಡವೆಂದೇ ಇತ್ತು. ವೀಣಾ ಮಜುಂದಾರ್ ಮತ್ತು ಲೋತಿಕಾ ಸರ್ಕಾರ್ ಮಾತ್ರ ಭಿನ್ನಮತ ಬರೆದರು. ಕಾಲು ಶತಮಾನ ಕಾದರೂ ಯೋಗ್ಯತೆಯ ಬಾಗಿಲು ತಾನಾಗಿ ತೆರೆಯಲಿಲ್ಲವೆಂಬುದು ಅವರಿಗೆ ಕಂಡಿತ್ತು. ಕರ್ನಾಟಕದಿಂದ ಲೋಕಸಭೆಗೆ ಆಯ್ಕೆಯಾದ ಮೊದಲ ಮಹಿಳೆ ಸರೋಜಿನಿ ಮಹಿಷಿಯವರು. ಅವರು ಧಾರವಾಡದಿಂದ ಗೆದ್ದದ್ದು 1962ರಲ್ಲಿ. ಅಂದರೆ ಮೂರನೆಯ ಮಹಾಚುನಾವಣೆಯಲ್ಲಿ.

ಬಾಗಿಲು ತೆರೆದದ್ದು ಕೆಳಗಿನಿಂದ. ರಾಮಕೃಷ್ಣ ಹೆಗಡೆಯವರ ಸರ್ಕಾರ 1983ರಲ್ಲಿ ತಂದ ಪಂಚಾಯಿತಿ ಕಾಯ್ದೆಯಲ್ಲಿ ಹೆಂಗಸರಿಗೆ ಶೇಕಡಾ 25 ಸ್ಥಾನ ಇಟ್ಟರು. ಅದರ ಹಿಂದಿದ್ದವರು ಅಬ್ದುಲ್ ನಜೀರ್ ಸಾಬರು. ಕೊಳವೆಬಾವಿ ಹಾಕಿಸಿ ‘ನೀರ್ ಸಾಬ್’ ಎಂದು ಹೆಸರಾದವರು. ನಮ್ಮ ಚಿಕ್ಕಮ್ಮನಿಗೆ ಅವರ ಮೇಲೆ ದೇವರ ಮೇಲಿನಷ್ಟೇ ಭಕ್ತಿ. ಮುಂದೆ 1992ರ ಡಿಸೆಂಬರಿನಲ್ಲಿ ಸಂಸತ್ತು 73 ಮತ್ತು 74ನೆಯ ತಿದ್ದುಪಡಿಗಳಿಗೆ ಒಪ್ಪಿಗೆ ಕೊಟ್ಟು, ದೇಶದ ಎಲ್ಲ ಪಂಚಾಯಿತಿ ಪಾಲಿಕೆಗಳಲ್ಲಿ ಮೂರನೆಯ ಒಂದು ಭಾಗವನ್ನು ಹೆಂಗಸರಿಗೆ ಕೊಟ್ಟಿತು. ಆಗ ದೊಡ್ಡ ಗಲಾಟೆಯೇನೂ ಆಗಲಿಲ್ಲ. ಯಾಕೆಂದರೆ ಸಂಸದರು ಹಂಚುತ್ತಿದ್ದದ್ದು ತಮ್ಮ ಕುರ್ಚಿಯನ್ನಲ್ಲ, ಊರಿನ ಪಂಚಾಯಿತಿ ಸದಸ್ಯರ ಕುರ್ಚಿಯನ್ನು. ಪಕ್ಕದ ಮನೆಯ ಪಾಯಸವನ್ನು ಬಡಿಸುವಾಗ ಯಾರ ಕೈಯೂ ನಡುಗುವುದಿಲ್ಲ.

ಕೈ ನಡುಗಿದ್ದು 1996ರಲ್ಲಿ. ಆಗ ಪ್ರಧಾನಿಯಾಗಿದ್ದವರು ನಮ್ಮ ಎಚ್.ಡಿ. ದೇವೇಗೌಡರು. ಅವರ ಮನೆ ಇರುವ ಪದ್ಮನಾಭನಗರ ನಮಗೆ ದೂರವಲ್ಲ, ಬನಶಂಕರಿಯ ಮಗ್ಗುಲಿನದು. ಅವರ ಸರ್ಕಾರ 1996ರ ಸೆಪ್ಟೆಂಬರ್ 12ರಂದು ಸಂವಿಧಾನದ 81ನೆಯ ತಿದ್ದುಪಡಿ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸಿತು. ಲೋಕಸಭೆ ಮತ್ತು ವಿಧಾನಸಭೆಗಳ ಮೂರನೆಯ ಒಂದು ಭಾಗ ಹೆಂಗಸರಿಗೆ. ಲೆಕ್ಕ ಸರಳ: 543ರಲ್ಲಿ ಮೂರನೆಯ ಒಂದು ಭಾಗವೆಂದರೆ 181. ಆ ಸಭೆಯಲ್ಲಿದ್ದ ಹೆಂಗಸರು ನಲವತ್ತರ ಆಸುಪಾಸು. ಮಸೂದೆ ಕಾಯ್ದೆಯಾದರೆ ನೂರಾ ನಲವತ್ತು ಗಂಡಸರಾದರೂ ಮನೆಗೆ ಹೋಗಬೇಕು. ಸಂವಿಧಾನದ ತಿದ್ದುಪಡಿಗೆ ಮೂರನೆಯ ಎರಡು ಭಾಗದ ಮತ ಬೇಕು. ಅಂದರೆ ಮನೆಗೆ ಹೋಗಬೇಕಾದವರೇ ಕೈಯೆತ್ತಬೇಕು. ಯಾರು ಹೋಗಬೇಕೆಂದು ಮೊದಲೇ ತಿಳಿಯುವಂತಿರಲಿಲ್ಲವಾದ್ದರಿಂದ ಹೆದರಿಕೆ ನೂರಾ ನಲವತ್ತು ಜನರಿಗಲ್ಲ, ಐನೂರು ಜನರಿಗೂ ಹಬ್ಬಿತು.

ಮಸೂದೆ ಜಂಟಿ ಸಮಿತಿಗೆ ಹೋಯಿತು. ಅಧ್ಯಕ್ಷೆ ಪಶ್ಚಿಮ ಬಂಗಾಳದ ಗೀತಾ ಮುಖರ್ಜಿ. ಸಮಿತಿ ಮೂರೇ ತಿಂಗಳಲ್ಲಿ, ಅದೇ ಡಿಸೆಂಬರ್ 9ಕ್ಕೆ ವರದಿ ಒಪ್ಪಿಸಿತು. ನಮ್ಮ ದೇಶದಲ್ಲಿ ಸಮಿತಿಯೊಂದು ಹೀಗೆ ಓಡಿದ ನಿದರ್ಶನ ಅಪರೂಪ. ಆದರೆ ಓಡಿ ಬಂದ ವರದಿಗೆ ಕೂರಲು ಜಾಗ ಸಿಗಲಿಲ್ಲ. ಏಪ್ರಿಲ್ ಹೊತ್ತಿಗೆ ಗೌಡರ ಸರ್ಕಾರವೇ ಹೋಯಿತು.

ಆಗ ಎದ್ದ ದೊಡ್ಡ ‘ಆದರೆ’ ಹಿಂದುಳಿದ ವರ್ಗಗಳದು. ಮೀಸಲಾತಿಯ ಒಳಗೆ ಹಿಂದುಳಿದ ಹಾಗೂ ಅಲ್ಪಸಂಖ್ಯಾತ ಹೆಂಗಸರಿಗೆ ಒಳಮೀಸಲಾತಿ ಇಲ್ಲದಿದ್ದರೆ, ಓದಿದ, ಉಳ್ಳ, ಮೇಲ್ಜಾತಿಯ ಪಟ್ಟಣದ ಹೆಂಗಸರೇ ಎಲ್ಲವನ್ನೂ ಬಾಚಿಕೊಳ್ಳುತ್ತಾರೆ ಎಂದು ಮುಲಾಯಂ ಸಿಂಗ್, ಲಾಲು ಪ್ರಸಾದ್, ಶರದ್ ಯಾದವ್ ಮೊದಲಾದವರು ವಾದಿಸಿದರು. ಶರದ್ ಯಾದವ್ ಅವರು 1997ರಲ್ಲಿ ಮೋಟುಗೂದಲಿನ ಹೆಂಗಸರ ಬಗ್ಗೆ ಆಡಿದ ಮಾತು ಅವರ ವಾದವನ್ನೇ ಹಗುರ ಮಾಡಿತು. ಮಾತು ಹಗುರವಾದರೂ ಪ್ರಶ್ನೆ ಹಗುರವಾಗಿರಲಿಲ್ಲ. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಹಿಂದುಳಿದ ವರ್ಗಗಳಿಗೆ ಪಾಲಿದೆ, ಆ ಪಾಲಿನೊಳಗೆ ಹೆಂಗಸರಿಗೂ ಪಾಲಿದೆ. ಅದರಿಂದಾಗಿ ಎಂದೂ ಕಟ್ಟೆ ಹತ್ತದ ಜಾತಿಗಳ ಹೆಂಗಸರು ಅಧ್ಯಕ್ಷರಾದದ್ದನ್ನು ನಾವೇ ಕಂಡಿದ್ದೇವೆ. ಲೋಕಸಭೆಯಲ್ಲಿ ಸಂವಿಧಾನ ಮೀಸಲಾತಿ ಕೊಟ್ಟಿರುವುದು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳಿಗೆ ಮಾತ್ರ. ಹಿಂದುಳಿದವರಿಗೆ ಅಲ್ಲಿ ಮೂಲ ಪಾಲೇ ಇಲ್ಲದಾಗ ಒಳಪಾಲು ಎಲ್ಲಿಂದ ಬರಬೇಕು? ಗೀತಾ ಮುಖರ್ಜಿ ಸಮಿತಿ ಇದನ್ನು ಸೂಕ್ತ ಕಾಲದಲ್ಲಿ ಪರಿಶೀಲಿಸಬೇಕೆಂದು ಹೇಳಿತು. ಸೂಕ್ತ ಕಾಲ ಬರಲಿಲ್ಲ. ಒಳಮೀಸಲಾತಿಯನ್ನು ಮನಸಾರೆ ಬಯಸಿದವರೂ ಇದ್ದರು, ಅದರ ಬೆನ್ನ ಹಿಂದೆ ಅಡಗಿ ತಮ್ಮ ಕ್ಷೇತ್ರ ಉಳಿಸಿಕೊಂಡವರೂ ಇದ್ದರು. ಯಾರು ಯಾರೆಂದು ಬೇರ್ಪಡಿಸುವುದು ಅಕ್ಕಿಯಲ್ಲಿ ಬಿಳಿ ಕಲ್ಲು ಆರಿಸಿದ ಹಾಗೆ.

ಎರಡನೆಯ ‘ಆದರೆ’ ಸರದಿಯದು. ಮೀಸಲು ಕ್ಷೇತ್ರಗಳು ಪ್ರತಿ ಚುನಾವಣೆಗೂ ಬದಲಾಗಬೇಕೆಂದು ಆ ಮಸೂದೆಯಲ್ಲಿತ್ತು. ಒಂದು ಕ್ಷೇತ್ರಕ್ಕೆ ಮೂರು ಚುನಾವಣೆಗೊಮ್ಮೆ ಸರದಿ. ನಮ್ಮ ಬೆಂಗಳೂರು ದಕ್ಷಿಣವನ್ನೇ ತೆಗೆದುಕೊಳ್ಳಿ. ಅನಂತಕುಮಾರ್ ಅವರು 1996ರಿಂದ 2014ರವರೆಗೆ ಇಲ್ಲಿಂದ ಸತತ ಆರು ಸಲ ಗೆದ್ದರು. ಸರದಿ ಇದ್ದಿದ್ದರೆ ಎರಡು ಸಲವಾದರೂ ಅವರು ಬೇರೆ ಊರು ಹುಡುಕಬೇಕಿತ್ತು. ಕ್ಷೇತ್ರವನ್ನು ಮಗುವಿನಂತೆ ಸಾಕಿ ಕೊನೆಗೆ ಬಿಟ್ಟುಕೊಡಬೇಕೇ ಎಂಬ ಸಂಸದರ ಸಂಕಟ ಸುಳ್ಳಲ್ಲ. ಆದರೆ ಸರದಿಯ ಪೆಟ್ಟು ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು. 1992ರ ಜನವರಿಯಲ್ಲಿ ಮಂಡಲ ಪಂಚಾಯಿತಿಗಳ ಅವಧಿ ಮುಗಿಯಿತು. ಸರ್ಕಾರ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಿತು. 1993ರ ಕೊನೆಗೆ ಗ್ರಾಮ ಪಂಚಾಯಿತಿ ಚುನಾವಣೆ ಬಂದಾಗ ಚಿಕ್ಕಮ್ಮನ ಸ್ಥಾನ ‘ಸಾಮಾನ್ಯ’ ಎಂದಾಗಿತ್ತು. ಅವರು ಮತ್ತೆ ನಿಲ್ಲುತ್ತೇನೆಂದರು. ಊರ ಹಿರಿಯರು ನಯವಾಗಿಯೇ ಹೇಳಿದರಂತೆ: “ಹೋದ ಸಲ ಹೆಂಗಸರಿಗೆ ಆಯ್ತಲ್ಲವ್ವ, ಈ ಸಲ ಗಂಡಸರಿಗೆ ಬಿಟ್ಟುಕೊಡು.” ಸಾಮಾನ್ಯ ಸ್ಥಾನವೆಂದರೆ ಯಾರು ಬೇಕಾದರೂ ನಿಲ್ಲಬಹುದಾದ ಸ್ಥಾನ. ಊರು ಅದನ್ನು ಗಂಡಸರ ಮೀಸಲು ಎಂದು ಓದಿತು. ಐದು ವರ್ಷ ಕಲಿತ ಕೆಲಸ ಅಲ್ಲಿಗೆ ನಿಂತಿತು.

ದಿಲ್ಲಿಯ ಕಥೆಯ ನಡುಭಾಗವನ್ನು ಬೇಗ ಹೇಳಿಬಿಡಬಹುದು. 1998ರ ಜುಲೈನಲ್ಲಿ ಕಾನೂನು ಸಚಿವ ತಂಬಿದುರೈ ಮಸೂದೆ ಮಂಡಿಸಲು ಎದ್ದಾಗ ರಾಷ್ಟ್ರೀಯ ಜನತಾದಳದ ಸದಸ್ಯರೊಬ್ಬರು ಪ್ರತಿಯನ್ನು ಕಿತ್ತು ಹರಿದರು. 1999ರಲ್ಲಿ ಮತ್ತೆ ಮಂಡನೆ, ಮತ್ತೆ ಗದ್ದಲ. 2008ರಲ್ಲಿ ಜಾಣತನದಿಂದ ಮಸೂದೆಯನ್ನು ರಾಜ್ಯಸಭೆಯಲ್ಲಿ ತಂದರು. ರಾಜ್ಯಸಭೆ ವಿಸರ್ಜನೆಯಾಗುವುದಿಲ್ಲವಾದ್ದರಿಂದ ಅಲ್ಲಿ ಮಂಡಿಸಿದ ಮಸೂದೆ ಸಾಯುವುದಿಲ್ಲ. 2010ರ ಮಾರ್ಚ್ 8ರಂದು ಅದನ್ನು ಚರ್ಚೆಗೆ ತಂದ ಕಾನೂನು ಸಚಿವರೂ ನಮ್ಮವರೇ, ವೀರಪ್ಪ ಮೊಯಿಲಿ. ಅಂದು ಗದ್ದಲವೋ ಗದ್ದಲ. ಮರುದಿನ ಏಳು ಸದಸ್ಯರನ್ನು ಅಮಾನತು ಮಾಡಿ, ಮಾರ್ಷಲ್‌ಗಳಿಂದ ಹೊರಗೆ ಹಾಕಿಸಿ ಮತಕ್ಕೆ ಹಾಕಿದರು. ಪರವಾಗಿ 186, ವಿರುದ್ಧ ಒಂದು. ಆ ಒಂದು ಮತ ರೈತ ನಾಯಕ ಶರದ್ ಜೋಶಿಯವರದು. ಹೆಂಗಸರ ಪರವಾಗಿ ಬಹಳ ಕೆಲಸ ಮಾಡಿದ್ದ ಅವರಿಗೆ ಸರದಿಯ ಪದ್ಧತಿ ಒಪ್ಪಿಗೆಯಾಗಿರಲಿಲ್ಲ. ಬಾಯಿಯಲ್ಲಿ ಹೌದೆಂದು ಒಳಗೊಳಗೇ ಎಳೆದಾಡಿದವರಿಗಿಂತ, ಕಾರಣ ಹೇಳಿ ಇಲ್ಲವೆಂದ ಅವರ ಮೇಲೆ ನನಗೆ ಗೌರವ ಹೆಚ್ಚು. ರಾಜ್ಯಸಭೆ ದಾಟಿದ ಮಸೂದೆ ಲೋಕಸಭೆಯಲ್ಲಿ ಮತಕ್ಕೆ ಬರಲೇ ಇಲ್ಲ. 2014ರಲ್ಲಿ ಲೋಕಸಭೆಯ ಅವಧಿಯ ಜೊತೆಗೆ ಅದೂ ಬಿದ್ದುಹೋಯಿತು.

ಕಾಯ್ದೆ ಯಾಕೆ, ಪಕ್ಷಗಳೇ ಮನಸ್ಸು ಮಾಡಿ ಟಿಕೆಟು ಕೊಡಲಿ ಎಂದು ಹೇಳುವವರಿದ್ದಾರೆ. ಇದಕ್ಕೂ ನಮ್ಮ ಬೆಂಗಳೂರು ದಕ್ಷಿಣದಲ್ಲಿಯೇ ಉತ್ತರವಿದೆ. ಜಯನಗರ, ಬಸವನಗುಡಿ, ಪದ್ಮನಾಭನಗರ, ಬಿ.ಟಿ.ಎಂ. ಬಡಾವಣೆಗಳನ್ನೊಳಗೊಂಡ ಈ ಲೋಕಸಭಾ ಕ್ಷೇತ್ರ ವಿದ್ಯಾವಂತರ ಕ್ಷೇತ್ರವೆಂದು ಹೆಸರಾದದ್ದು. 1977ರಲ್ಲಿ ಕೆ.ಎಸ್. ಹೆಗ್ಡೆಯವರಿಂದ ಹಿಡಿದು ಟಿ.ಆರ್. ಶಾಮಣ್ಣ, ವಿ.ಎಸ್. ಕೃಷ್ಣ ಅಯ್ಯರ್, ಗುಂಡೂರಾವ್, ವೆಂಕಟಗಿರಿಗೌಡ, ಅನಂತಕುಮಾರ್, ತೇಜಸ್ವಿ ಸೂರ್ಯ ಅವರವರೆಗೆ ಇಲ್ಲಿ ಗೆದ್ದವರೆಲ್ಲ ಗಂಡಸರು. ದೊಡ್ಡ ಪಕ್ಷದ ಟಿಕೆಟಿನ ಹತ್ತಿರಕ್ಕೆ ಬಂದ ಹೆಂಗಸರು ಯಾರೆಂದು ನೋಡಿದರೆ, 1996ರಲ್ಲಿ ಕಾಂಗ್ರೆಸ್ಸಿನಿಂದ ನಿಂತ ವರಲಕ್ಷ್ಮಿ ಗುಂಡೂರಾವ್ ಮಾಜಿ ಮುಖ್ಯಮಂತ್ರಿಗಳ ಪತ್ನಿ. 2019ರಲ್ಲಿ ಟಿಕೆಟು ಸಿಗುತ್ತದೆಂದು ಎಲ್ಲರೂ ತಿಳಿದಿದ್ದು ಕೊನೆಗೆ ಸಿಗದೆ ಹೋದ ತೇಜಸ್ವಿನಿಯವರು ಅನಂತಕುಮಾರರ ಪತ್ನಿ. 2024ರಲ್ಲಿ ಸ್ಪರ್ಧಿಸಿದ ಸೌಮ್ಯಾ ರೆಡ್ಡಿ ರಾಮಲಿಂಗಾರೆಡ್ಡಿಯವರ ಮಗಳು. ಮೂವರ ಯೋಗ್ಯತೆಯ ಬಗ್ಗೆ ನನ್ನ ತಕರಾರಿಲ್ಲ. ಗಂಡಸರಲ್ಲಿಯೂ ಅಪ್ಪನ ಹೆಸರಿನಿಂದ ಬಂದವರು ಬೇಕಾದಷ್ಟು. ಆದರೆ ಗಂಡಸಿಗೆ ಬೇರೆ ದಾರಿಗಳೂ ಇವೆ: ವಿದ್ಯಾರ್ಥಿ ಸಂಘಟನೆ, ಕಾರ್ಮಿಕ ಸಂಘ, ವಕೀಲಿಕೆ. ಹೆಣ್ಣಿಗೆ ಪಕ್ಷಗಳು ತೆರೆದಿಟ್ಟದ್ದು ಹೆಚ್ಚಾಗಿ ಮನೆಯ ಬಾಗಿಲನ್ನೇ. ಇನ್ನು ‘ಹೆಂಗಸರು ಗೆಲ್ಲುವುದಿಲ್ಲ’ ಎಂಬ ಮಾತು. ಇದೇ ಸೌಮ್ಯಾ ರೆಡ್ಡಿಯವರು ಜಯನಗರ ವಿಧಾನಸಭಾ ಕ್ಷೇತ್ರವನ್ನು 2018ರಲ್ಲಿ ಗೆದ್ದರು, 2023ರಲ್ಲಿ ಸೋತರು. ಸೋತ ಅಂತರ ಹದಿನಾರು ಮತ. ನಮ್ಮ ಬೀದಿಯಲ್ಲಿ ಮತದಾನದ ದಿನ ಊರಿಗೆ ಹೋಗಿದ್ದವರೇ ಅದಕ್ಕಿಂತ ಹೆಚ್ಚು.

ಅದೇ 2023ರ ಸೆಪ್ಟೆಂಬರಿನಲ್ಲಿ, ಹೊಸ ಸಂಸತ್ ಭವನದಲ್ಲಿ, ಎಲ್ಲವೂ ಎರಡು ಮೂರು ದಿನಗಳಲ್ಲಿ ನಡೆದುಹೋಯಿತು. 19ರಂದು ಮಂಡನೆ. 20ರಂದು ಲೋಕಸಭೆಯಲ್ಲಿ ಪರವಾಗಿ 454, ವಿರುದ್ಧ ಎರಡು. 21ರಂದು ರಾಜ್ಯಸಭೆಯಲ್ಲಿ 214 ಮತ, ವಿರುದ್ಧ ಯಾರೂ ಇಲ್ಲ. 28ರಂದು ರಾಷ್ಟ್ರಪತಿಗಳ ಅಂಕಿತ. ಮಸೂದೆಯನ್ನು ಮೊದಲು ತಂದ ದೇವೇಗೌಡರು ಆಗ ರಾಜ್ಯಸಭೆಯ ಸದಸ್ಯರಾಗಿದ್ದರು. ತೊಂಬತ್ತು ವರ್ಷ ದಾಟಿತ್ತು. ಸರದಿಯ ವಿಷಯದಲ್ಲಿ ಈ ಕಾಯ್ದೆ ಹಿಂದಿನವಕ್ಕಿಂತ ಉತ್ತಮ. ಪ್ರತಿ ಚುನಾವಣೆಗಲ್ಲ, ಪ್ರತಿ ಕ್ಷೇತ್ರ ಪುನರ್ವಿಂಗಡಣೆಗೆ ಒಮ್ಮೆ ಬದಲಾವಣೆ ಎಂದಿದೆ. ಒಳಮೀಸಲಾತಿ ಮಾತ್ರ ಇದರಲ್ಲಿಯೂ ಇಲ್ಲ.

ಟಿ.ವಿ.ಯಲ್ಲಿ ಸದಸ್ಯರು ಮೇಜು ಕುಟ್ಟುವುದನ್ನು ಚಿಕ್ಕಮ್ಮ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದರು.

“ಹಾಗಾದ್ರೆ ಬರೋ ವರ್ಷದ ಚುನಾವಣೆಗೇ ಬಂತಾ?” ಎಂದು ಕೇಳಿದರು.

“ಇಲ್ಲ ಚಿಕ್ಕಮ್ಮ. ಮೊದಲು ಜನಗಣತಿ ಆಗಬೇಕಂತೆ. ಅದರ ಅಂಕಿ ಬಂದ ಮೇಲೆ ಕ್ಷೇತ್ರಗಳನ್ನ ಮತ್ತೆ ಹಂಚಬೇಕಂತೆ. ಆಮೇಲೆ.”

“ಎರಡಕ್ಕೂ ಏನು ಸಂಬಂಧ?”

ಸಂಬಂಧವನ್ನು ನಾನು ವಿವರಿಸಲು ಹೋದೆ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಕೋವಿಡ್ ಕಾರಣದಿಂದ ನಿಂತಿತ್ತು. (ಅದಕ್ಕೆ 2027ರ ಮಾರ್ಚ್ 1 ಎಂದು ದಿನ ಗೊತ್ತುಮಾಡಿದ ಅಧಿಸೂಚನೆ ಬಂದದ್ದು 2025ರ ಜೂನ್‌ನಲ್ಲಿ.) ಪುನರ್ವಿಂಗಡಣೆಯ ಕಥೆ ಇನ್ನೂ ಹಳೆಯದು. ಯಾವ ರಾಜ್ಯಕ್ಕೆ ಎಷ್ಟು ಲೋಕಸಭಾ ಸ್ಥಾನವೆಂಬ ಲೆಕ್ಕವನ್ನು 1976ರಲ್ಲಿ 1971ರ ಜನಗಣತಿಗೆ ಕಟ್ಟಿಹಾಕಿದರು. 2001ರಲ್ಲಿ ಆ ಗಂಟನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದಕ್ಕೆ ಹಾಕಿದರು. ಕರ್ನಾಟಕಕ್ಕೆ 28 ಸ್ಥಾನ. ಗಂಟು ಬಿಚ್ಚಿದರೆ ಮಕ್ಕಳು ಕಡಿಮೆ ಮಾಡಿಕೊಂಡ ದಕ್ಷಿಣದ ರಾಜ್ಯಗಳ ತೂಕ ಇಳಿಯುತ್ತದೆಂಬ ಭಯ ನಮ್ಮದು, ಏರಬೇಕೆಂಬ ಆಸೆ ಉತ್ತರದ್ದು. ಅಣ್ಣತಮ್ಮಂದಿರ ಈ ಹಿಸ್ಸೆಯ ಜಗಳ ಮುಗಿದ ಮೇಲೆ ಅಕ್ಕತಂಗಿಯರ ಪಾಲು ಎಂದು ಕಾಯ್ದೆಯಲ್ಲಿ ಬರೆದ ಹಾಗಾಯಿತು. 543 ಸ್ಥಾನಗಳು ಇದ್ದ ಹಾಗೆಯೇ ಇದ್ದರೂ ಅವುಗಳಲ್ಲಿ ಮೂರನೆಯ ಒಂದು ಭಾಗವನ್ನು ಗುರುತಿಸಲು ಹೊಸ ಜನಗಣತಿಯೇ ಬೇಕೆಂದೇನೂ ಇರಲಿಲ್ಲ. ಹಿಂದಿನ ಮಸೂದೆಗಳಲ್ಲಿ ಈ ಷರತ್ತು ಇರಲಿಲ್ಲ. ಸ್ಥಾನ ಹೆಚ್ಚಾದ ಮೇಲೆ ಕೊಟ್ಟರೆ ಇರುವವರು ಯಾರೂ ಎದ್ದು ಹೋಗಬೇಕಾಗುವುದಿಲ್ಲ ಎಂಬ ಅನುಕೂಲ ಮಾತ್ರ ಇತ್ತು.

ಚಿಕ್ಕಮ್ಮ ಎಲ್ಲ ಕೇಳಿಸಿಕೊಂಡರು. “ಅಲ್ಲ ಕಣೆ, ಹಾಗಾದ್ರೆ ಇವರೂ ಪುಸ್ತಕ ಮನೆಗೇ ಕಳಿಸಿದಾರೆ ಅನ್ನು. ಸಭೆಗೆ ಇನ್ನೂ ಕರೆದಿಲ್ಲ” ಎಂದು ಎದ್ದು ಒಳಗೆ ಹೋದರು.

ಮೀಸಲಾತಿ ಕೈಗೆ ಬಂದೂ ಬಾರದಂತಿರುವುದು ಹೇಗೆಂದು ನಾವು ಬೆಂಗಳೂರಿನವರು ಬೇರೆ ಕಡೆ ಹೋಗಿ ಕಲಿಯಬೇಕಾಗಿಲ್ಲ. ತಟ್ಟೆ ಹಿಡಿದು ಬಂದಿದ್ದ ಆ ಹೆಣ್ಣುಮಗಳು 2015ರಲ್ಲಿ ಗೆದ್ದರು. ಮೊದಲ ವರ್ಷ ಏನು ಕೇಳಿದರೂ ಗಂಡನೇ ಫೋನೆತ್ತುತ್ತಿದ್ದರು. ಮೂರನೆಯ ವರ್ಷದ ಹೊತ್ತಿಗೆ, ಮಳೆ ಬಂದು ಚರಂಡಿ ಉಕ್ಕಿದ ರಾತ್ರಿ, ಅವರೊಬ್ಬರೇ ಇಂಜಿನಿಯರನ್ನು ಕರೆದುಕೊಂಡು ಮೊಣಕಾಲು ನೀರಿನಲ್ಲಿ ನಿಂತು ಜಗಳವಾಡಿದ್ದನ್ನು ನಾನೇ ನೋಡಿದೆ. ಕೆಲಸ ಕಲಿತಿದ್ದರು. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿಯಿತು. ವಾರ್ಡುಗಳು 198ರಿಂದ 243 ಆದವು, ಆಮೇಲೆ 225 ಆದವು, ಮೀಸಲು ಪಟ್ಟಿ ನ್ಯಾಯಾಲಯ ಹತ್ತಿ ಇಳಿಯಿತು, 2025ರಲ್ಲಿ ಒಂದು ಪಾಲಿಕೆ ಹೋಗಿ ಐದಾದವು. ಅವಧಿ ಮುಗಿದು ಐದು ವರ್ಷ ತುಂಬಿದರೂ ಚುನಾವಣೆ ಮಾತ್ರ ಆಗಲಿಲ್ಲ. ಅರ್ಧದಷ್ಟು ಸ್ಥಾನ ಹೆಂಗಸರಿಗೆ ಎಂಬ ಕಾಯ್ದೆ ಆ ಐದು ವರ್ಷವೂ ಜಾರಿಯಲ್ಲಿಯೇ ಇತ್ತು, ಸ್ಥಾನಗಳಿರಲಿಲ್ಲ, ಅಷ್ಟೆ. ಚಿಕ್ಕಮ್ಮನ 1992 ಇವರಿಗೆ 2020ರಲ್ಲಿ ಬಂತು.

2024ರ ಏಪ್ರಿಲ್ 26ರಂದು ಲೋಕಸಭೆಗೆ ಮತದಾನ. ಚಿಕ್ಕಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಶಾಲೆಗೆ ಹೋದೆ. ಸಾಲಿನಲ್ಲಿ ಹೆಂಗಸರೇ ಹೆಚ್ಚಿದ್ದರು. ಆ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಿಂದ ಗೆದ್ದ ಹೆಂಗಸರು ಮೂವರು. ಇಡೀ ಲೋಕಸಭೆಯಲ್ಲಿ 74, ಹಿಂದಿನ ಸಲಕ್ಕಿಂತ ನಾಲ್ಕು ಕಡಿಮೆ. ಬೆಂಗಳೂರು ದಕ್ಷಿಣದಲ್ಲಿ ಈ ಸಲವೂ ಗಂಡಸರೇ ಗೆದ್ದರು. ಸಾಲಿನಲ್ಲಿ ನಮಗಿಂತ ಸ್ವಲ್ಪ ಮುಂದೆ ಮಾಜಿ ಕಾರ್ಪೊರೇಟರ್ ನಿಂತಿದ್ದರು. ಚಿಕ್ಕಮ್ಮನನ್ನು ಕಂಡು ಹಿಂದಕ್ಕೆ ಬಂದು, ಕೈಹಿಡಿದು ತಮ್ಮ ಜಾಗಕ್ಕೆ ಕರೆದುಕೊಂಡು ಹೋದರು.

“ಮತ್ತೆ ನಿಲ್ತೀಯೇನಮ್ಮ?” ಎಂದು ಚಿಕ್ಕಮ್ಮ ಕೇಳಿದರು.

“ಚುನಾವಣೆ ಬರಲಿ ಅಜ್ಜಿ. ಮೀಸಲಾತಿ ಬರದಿದ್ರೂ ನಿಲ್ತೀನಿ” ಎಂದರು ಅವರು. ಗಂಡ ಸ್ವಲ್ಪ ದೂರದಲ್ಲಿ, ಅವರ ಕೈಚೀಲ ಹಿಡಿದುಕೊಂಡು ನಿಂತಿದ್ದರು.